ಸಿಗ್ನಲ್ ದಾರಿ ಬದಲಿಸಲು ಯಾವ ಅನಲಾಗ್ ಸ್ವಿಚ್? 4066ರಿಂದ ಡಿಜಿ412ವರೆಗೆ ಒಂದು ಹೋಲಿಕೆ

ಒಂದು ಆಂಪ್ಲಿಫೈಯರ್‌ಗೆ ನಾಲ್ಕು ಇನ್‌ಪುಟ್ ಇವೆ, ಗುಂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ಎಂಟು ಸೆನ್ಸರ್ ಇವೆ, ಓದಲು ಇರುವುದು ಒಂದೇ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ) ಪಿನ್. ಆಪ್‌ಆಂಪ್‌ನ (ಸಿಗ್ನಲ್ ವರ್ಧಿಸುವ ಐಸಿ) ಗೇನ್ ಅನ್ನು ಮೈಕ್ರೋಕಂಟ್ರೋಲರ್ ಬದಲಿಸಬೇಕು. ಇಂಥ ಕೆಲಸಗಳಿಗೆ ಸಿಮಾಸ್ ಅನಲಾಗ್ ಸ್ವಿಚ್, ಅಂದರೆ ಕಂಟ್ರೋಲ್ ವೋಲ್ಟೇಜ್ ಕೊಟ್ಟು ಆನ್ ಆಫ್ ಮಾಡುವ, ಸಿಗ್ನಲನ್ನು ಹಾಗೇ ದಾಟಿಸುವ ಚಿಪ್ ಬೇಕು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿದರೆ ಸುಲಭವಾಗಿ ಸಿಗುವುದು ಸಿಡಿ4066. ಕಾಲೇಜಿನ ಲ್ಯಾಬ್‌ನಲ್ಲಿ ಟೈಮ್ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಪ್ರಯೋಗ ಮಾಡಿದವರಿಗೆ ಸಿಡಿ4051 ಪರಿಚಯ ಇರುತ್ತದೆ. ಇವೆರಡನ್ನು ಬಿಟ್ಟರೆ ಆನ್‌ಲೈನ್ ಅಂಗಡಿಗಳಲ್ಲಿ ರಾಶಿ ರಾಶಿ ಹೆಸರುಗಳು. ಯಾವುದನ್ನು ಆರಿಸುವುದು?

ಹೆಚ್ಚಿನವರು ಡೇಟಾಶೀಟ್‌ನ ಮೊದಲ ಪುಟದ ಆನ್ ರೆಸಿಸ್ಟೆನ್ಸ್ (ಸ್ವಿಚ್ ಆನ್ ಇದ್ದಾಗಲೂ ಅದರಲ್ಲಿ ಉಳಿಯುವ ರೆಸಿಸ್ಟೆನ್ಸ್) ನೋಡಿ ಆರಿಸುತ್ತಾರೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ನಿಮ್ಮ ಸಿಗ್ನಲ್ ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ಓಡಾಡುತ್ತದೆ? ಆಮೇಲೆ, ಸ್ವಿಚ್ ದಾಟಿದ ಸಿಗ್ನಲ್ ಎಲ್ಲಿಗೆ ಹೋಗುತ್ತದೆ? ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಮುಕ್ಕಾಲು ಪಾಲು ಚಿಪ್‌ಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಒಳಗೆ ಇರುವುದು ಎರಡೇ ಟ್ರಾನ್ಸಿಸ್ಟರ್

ಸ್ವಿಚ್‌ನ ಹೃದಯದಲ್ಲಿ ಒಂದು ಎನ್ ಚಾನೆಲ್ ಮಾಸ್‌ಫೆಟ್, ಒಂದು ಪಿ ಚಾನೆಲ್ ಮಾಸ್‌ಫೆಟ್ ಪ್ಯಾರಲಲ್ ಆಗಿ ಕೂತಿರುತ್ತವೆ. ಸಿಗ್ನಲ್ ನೆಗೆಟಿವ್ ಸಪ್ಲೈ ಹತ್ತಿರ ಇದ್ದಾಗ ಎನ್ ಚೆನ್ನಾಗಿ ಹರಿಸುತ್ತದೆ. ಸಿಗ್ನಲ್ ಮೇಲೇರಿದಂತೆ ಅದರ ಬಲ ಕುಗ್ಗುತ್ತದೆ, ಆಗ ಪಿ ಕೆಲಸ ವಹಿಸಿಕೊಳ್ಳುತ್ತದೆ. ಸಿಗ್ನಲ್ ಎರಡೂ ದಿಕ್ಕಿಗೆ ಹರಿಯಬಹುದು, ಇನ್‌ಪುಟ್ ಔಟ್‌ಪುಟ್ ಎಂಬ ಭೇದವಿಲ್ಲ. ಆದರೆ ಈ ಕೈಬದಲಾವಣೆ ಎಂದೂ ಪೂರ್ತಿ ನಯವಾಗಿರುವುದಿಲ್ಲ. ಸಿಗ್ನಲ್‌ನ ವೋಲ್ಟೇಜ್ ಬದಲಾದಂತೆ ಸ್ವಿಚ್‌ನ ರೆಸಿಸ್ಟೆನ್ಸ್ ಕೂಡ ಬದಲಾಗುತ್ತದೆ. ಸಪ್ಲೈ ಕಡಿಮೆ ಆದಷ್ಟೂ ನಡುವಿನ ವೋಲ್ಟೇಜ್‌ನಲ್ಲಿ ಎರಡೂ ಟ್ರಾನ್ಸಿಸ್ಟರ್ ಬಡವಾಗುತ್ತವೆ, ಅಲ್ಲಿ ರೆಸಿಸ್ಟೆನ್ಸ್ ಗುಡ್ಡದಂತೆ ಏಳುತ್ತದೆ. ಆಡಿಯೋದಲ್ಲಿ ಡಿಸ್ಟಾರ್ಷನ್ (ಸಿಗ್ನಲ್‌ನ ಆಕಾರ ಕೆಡುವುದು) ಬರುವುದು ಇಲ್ಲಿಂದಲೇ.

ಮೊದಲು ವೋಲ್ಟೇಜ್

ಸಿಗ್ನಲ್ ಎಂದೂ ಚಿಪ್‌ನ ಸಪ್ಲೈಗಿಂತ ಮೇಲೆ ಹೋಗಬಾರದು, ನೆಗೆಟಿವ್ ಸಪ್ಲೈಗಿಂತ ಕೆಳಗೆ ಇಳಿಯಬಾರದು. ಅರ್ಧ ವೋಲ್ಟ್ ಆಚೆ ಹೋದರೆ ಸಾಕು, ಒಳಗಿನ ಡಯೋಡ್‌ಗಳು ಹರಿಸಲು ಶುರುಮಾಡುತ್ತವೆ.

ಒಂದು ಉದಾಹರಣೆ ನೋಡಿ. ಸಿಡಿ ಪ್ಲೇಯರ್ ಅಥವಾ ಒಳ್ಳೆಯ ಡಿಎಸಿಯ (ಡಿಜಿಟಲ್ ಹಾಡನ್ನು ಅನಲಾಗ್ ಮಾಡುವ ಉಪಕರಣ) ಪೂರ್ತಿ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ಸಿಗ್ನಲ್‌ನ ಒಂದು ಬಗೆಯ ಸರಾಸರಿ). ಕೇಳಲು ಚಿಕ್ಕದು ಅನಿಸುತ್ತದೆ. ತುದಿಯಿಂದ ತುದಿಗೆ ಅಳೆದರೆ ಅದು ಸುಮಾರು 5.7 ವೋಲ್ಟ್. ಅಂದರೆ 5 ವೋಲ್ಟ್ ಸಪ್ಲೈನ 4066ಗೆ ಅದನ್ನು ಕೊಟ್ಟರೆ, ಸಪ್ಲೈನ ನಡುವಿಗೆ ಎಷ್ಟೇ ಸರಿಯಾಗಿ ಬಯಾಸ್ ಮಾಡಿ ಕೂರಿಸಿದರೂ ಎರಡೂ ತುದಿ ಕತ್ತರಿಸಿಹೋಗುತ್ತದೆ. ಅದೇ ಮನೆಬಳಕೆಯ ಮಾಮೂಲಿ ಲೈನ್ ಲೆವೆಲ್, ಅಂದರೆ ಸುಮಾರು 0.3 ವೋಲ್ಟ್ ಆರ್‌ಎಂಎಸ್ ಆದರೆ, 5 ವೋಲ್ಟ್ ಧಾರಾಳವಾಗಿ ಸಾಕು. ಸ್ಟುಡಿಯೋ ಉಪಕರಣದಲ್ಲಿ ಸಿಗ್ನಲ್‌ನ ಶಿಖರ 10 ವೋಲ್ಟ್ ದಾಟಬಹುದು. ಅಲ್ಲಿ ±15 ವೋಲ್ಟ್ ತಡೆಯುವ ಚಿಪ್ ಬಿಟ್ಟು ಬೇರೆ ದಾರಿಯಿಲ್ಲ.

ಆಮೇಲೆ ಲೋಡ್

ಸಿಡಿ4066ರ ಆನ್ ರೆಸಿಸ್ಟೆನ್ಸ್ 15 ವೋಲ್ಟ್ ಸಪ್ಲೈನಲ್ಲಿ ಸುಮಾರು 125 ಓಮ್. ಮುಂದೆ 600 ಓಮ್ ಲೋಡ್ ಇದ್ದರೆ ಶೇ. 17ರಷ್ಟು ಸಿಗ್ನಲ್ ಸ್ವಿಚ್‌ನಲ್ಲೇ ಉಳಿಯುತ್ತದೆ. 10 ಕಿಲೋ ಓಮ್ ಇದ್ದರೆ ಶೇ. 1.2. ಟಿಎಲ್072ನಂಥ ಫೆಟ್ ಇನ್‌ಪುಟ್ ಆಪ್‌ಆಂಪ್‌ಗೆ 1 ಮೆಗಾ ಓಮ್ ಬಯಾಸ್ ರೆಸಿಸ್ಟರ್ ಹಾಕಿ ಕೊಟ್ಟರೆ ಶೇ. 0.0125. ಚಿಪ್ ಅದೇ, ಬೆಲೆ ಅದೇ. ಬದಲಾದದ್ದು ಮುಂದಿನ ಹಂತ ಮಾತ್ರ.

ಡಿಸ್ಟಾರ್ಷನ್‌ಗೂ ಇದೇ ಲೆಕ್ಕ. ರೆಸಿಸ್ಟೆನ್ಸ್ 20 ಓಮ್‌ನಷ್ಟು ಏರಿಳಿದರೆ 10 ಕಿಲೋ ಓಮ್ ಲೋಡ್‌ನಲ್ಲಿ ಅದು ಗೊತ್ತಾಗಬಹುದು, 1 ಮೆಗಾ ಓಮ್‌ನಲ್ಲಿ ಅದರ ಗುರುತೇ ಸಿಗುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡೇಟಾಶೀಟ್‌ನಲ್ಲಿ ಸಿಡಿ4066ಗೆ ಶೇ. 0.4 ಡಿಸ್ಟಾರ್ಷನ್ ಎಂದಿದೆ. ಅದನ್ನು ನೋಡಿ "ಆಡಿಯೋಗೆ ಇದು ನಾಲಾಯಕ್ಕು" ಅನ್ನುವವರು ಅದರ ಷರತ್ತನ್ನೂ ಓದಬೇಕು: ±5 ವೋಲ್ಟ್ ಸಪ್ಲೈ, 5 ವೋಲ್ಟ್ ತುದಿಯಿಂದ ತುದಿಯ ಸಿಗ್ನಲ್, 10 ಕಿಲೋ ಓಮ್ ಲೋಡ್. ಲೋಡ್ ಬದಲಿಸಿ, ಕಥೆಯೇ ಬದಲಾಗುತ್ತದೆ.

ಇನ್ನೂ ಚೆನ್ನಾದ ಉಪಾಯ ಒಂದಿದೆ. ಇನ್‌ವರ್ಟಿಂಗ್ ಆಪ್‌ಆಂಪ್‌ನ ಮೈನಸ್ ಇನ್‌ಪುಟ್ ಯಾವಾಗಲೂ ಗ್ರೌಂಡ್ ಹತ್ತಿರವೇ ಇರುತ್ತದೆ. ಪ್ರತಿ ಇನ್‌ಪುಟ್‌ಗೆ 10 ಅಥವಾ 22 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅದರ ನಂತರ ಸ್ವಿಚ್ ಇಡಿ. ಆನ್ ಆಗಿರುವ ಸ್ವಿಚ್ ಬರೀ ಕೆಲವು ಮಿಲಿವೋಲ್ಟ್ ಏರಿಳಿತ ನೋಡುತ್ತದೆ, ಹಾಗಾಗಿ ಅದರ ರೆಸಿಸ್ಟೆನ್ಸ್ ಸ್ಥಿರವಾಗಿ ನಿಲ್ಲುತ್ತದೆ. ಅಗ್ಗದ 4066ರಿಂದ ದುಬಾರಿ ಚಿಪ್‌ನ ಕೆಲಸ ತೆಗೆಯುವ ದಾರಿ ಇದು. ಆದರೆ ಆಫ್ ಆಗಿರುವ ಸ್ವಿಚ್‌ನ ಇನ್‌ಪುಟ್ ಬದಿಗೆ ಪೂರ್ತಿ ಸಿಗ್ನಲ್ ವೋಲ್ಟೇಜ್ ಬಂದು ನಿಲ್ಲುತ್ತದೆ. ಅದನ್ನು ಸಪ್ಲೈ ಒಳಗೇ ಇಡಲು ಅಲ್ಲಿಂದ ಗ್ರೌಂಡ್‌ಗೆ ಎರಡು ಡಯೋಡ್ ಉಲ್ಟಾಪಲ್ಟಾ ಹಾಕುವುದು ಒಳ್ಳೆಯದು.

4066 ಅಥವಾ 4051, 4052, 4053?

ಮೂಲ 4000 ಸರಣಿಯನ್ನು ಆರ್‌ಸಿಎ ಕಂಪನಿ 1968ರಲ್ಲಿ ತಂದಿತು. ಈ ಕುಟುಂಬದ ಸ್ವಿಚ್‌ಗಳು ಇವತ್ತಿಗೂ ತಯಾರಾಗುತ್ತಿವೆ, ಬ್ರೆಡ್‌ಬೋರ್ಡ್‌ಗೆ ಕೂರುವ ಡಿಪ್ ಪ್ಯಾಕೇಜ್‌ನಲ್ಲೇ ಸಿಗುತ್ತವೆ.

4066ರಲ್ಲಿ ನಾಲ್ಕು ಬಿಡಿ ಸ್ವಿಚ್ ಇವೆ, ಪ್ರತಿಯೊಂದಕ್ಕೂ ಸ್ವಂತ ಕಂಟ್ರೋಲ್ ಪಿನ್. ಸಪ್ಲೈ 3ರಿಂದ 18 ವೋಲ್ಟ್. ಸರಳ, ಅಗ್ಗ. ಆದರೆ ಅದಕ್ಕೆ ಒಂದು ದೊಡ್ಡ ಮಿತಿ ಇದೆ, ಹೊಸಬರು ಸಿಕ್ಕಿಬೀಳುವುದು ಅಲ್ಲೇ. ಕಂಟ್ರೋಲ್ ಪಿನ್ ಕೂಡ ಪೂರ್ತಿ ಸಪ್ಲೈನಷ್ಟು ಓಡಾಡಬೇಕು. ಚಿಪ್‌ಗೆ ±5 ವೋಲ್ಟ್ ಕೊಟ್ಟಿದ್ದರೆ, ಆಫ್ ಮಾಡಲು ಕಂಟ್ರೋಲ್ ಪಿನ್‌ಗೆ ಮೈನಸ್ 5 ವೋಲ್ಟ್ ಬೇಕು. ಮೈಕ್ರೋಕಂಟ್ರೋಲರ್‌ನ 0 ವೋಲ್ಟ್ ಅದಕ್ಕೆ ಆಫ್ ಅಲ್ಲ. ಮಧ್ಯದಲ್ಲಿ ಟ್ರಾನ್ಸಿಸ್ಟರ್ ಹಾಕಿ ಲೆವೆಲ್ ಶಿಫ್ಟ್ ಮಾಡಬೇಕಾಗುತ್ತದೆ.

4051, 4052, 4053ರಲ್ಲಿ ಈ ತಲೆನೋವಿಲ್ಲ. ಅವುಗಳಿಗೆ ವಿಇಇ ಎಂಬ ಪ್ರತ್ಯೇಕ ನೆಗೆಟಿವ್ ಪಿನ್ ಇದೆ. ವಿಡಿಡಿಗೆ ಪ್ಲಸ್ 5, ವಿಎಸ್‌ಎಸ್‌ಗೆ ಗ್ರೌಂಡ್, ವಿಇಇಗೆ ಮೈನಸ್ 5 ಕೊಡಿ. ಕಂಟ್ರೋಲ್ 0 ಮತ್ತು 5 ವೋಲ್ಟ್‌ನಲ್ಲಿ ನಡೆಯುತ್ತದೆ, ಸಿಗ್ನಲ್ ±5 ವೋಲ್ಟ್‌ವರೆಗೆ ಓಡಾಡುತ್ತದೆ. ಲೆವೆಲ್ ಶಿಫ್ಟರ್ ಚಿಪ್‌ನ ಒಳಗೇ ಇದೆ. 4051 ಎಂದರೆ ಎಂಟರಲ್ಲಿ ಒಂದು. 4052 ಎಂದರೆ ನಾಲ್ಕರಲ್ಲಿ ಒಂದು, ಅಂಥವು ಎರಡು. 4053 ಎಂದರೆ ಎರಡರಲ್ಲಿ ಒಂದು, ಅಂಥವು ಮೂರು. ಸ್ಟೀರಿಯೋ ಇನ್‌ಪುಟ್ ಸೆಲೆಕ್ಟರ್‌ಗೆ 4052 ಹೇಳಿ ಮಾಡಿಸಿದ ಚಿಪ್. ಎಡ, ಬಲ ಎರಡೂ ಒಟ್ಟಿಗೆ ಬದಲಾಗುತ್ತವೆ, ನಾಲ್ಕು ಮೂಲಗಳು ಒಂದೇ ಐಸಿಯಲ್ಲಿ ಮುಗಿಯುತ್ತವೆ. ಗ್ರೌಂಡ್‌ನ ಮೇಲೂ ಕೆಳಗೂ ಓಡಾಡುವ ಯಾವುದೇ ಸಿಗ್ನಲ್‌ಗೆ ನಾನು ಹೇಳುವುದು ಇದೇ: 4066 ಬೇಡ, 4052 ಅಥವಾ 4053 ತೆಗೆದುಕೊಳ್ಳಿ.

4066ಗೆ ಜಾಗ ಇರುವುದು ಒಂದೇ ಸಪ್ಲೈನ ಸರ್ಕ್ಯೂಟ್‌ನಲ್ಲಿ, ಸ್ವಿಚ್‌ಗಳನ್ನು ಬೇರೆ ಬೇರೆಯಾಗಿ ಆನ್ ಮಾಡಬೇಕಾದಾಗ. ಗೇನ್ ಬದಲಿಸುವ ರೆಸಿಸ್ಟರ್ ಜಾಲ, ಫಿಲ್ಟರ್‌ನ ಕೆಪಾಸಿಟರ್ ಆಯ್ಕೆ, ಇಂಥವಕ್ಕೆ ಅದು ಚೆನ್ನ. ಅದರ ಹಿರಿಯಣ್ಣ 4016 ಪಿನ್ ಟು ಪಿನ್ ಅದೇ, ಆದರೆ ಆನ್ ರೆಸಿಸ್ಟೆನ್ಸ್ ಜಾಸ್ತಿ. ಹಾಗಂತ ಅದು ಪೂರ್ತಿ ಹಳತಾಗಿಲ್ಲ. ಸ್ಯಾಂಪಲ್ ಅಂಡ್ ಹೋಲ್ಡ್ (ಒಂದು ಕ್ಷಣದ ವೋಲ್ಟೇಜನ್ನು ಕೆಪಾಸಿಟರ್‌ನಲ್ಲಿ ಹಿಡಿದಿಡುವ) ಸರ್ಕ್ಯೂಟ್‌ಗೆ 4016 ಬಳಸಿ ಎಂದು 4066ರ ಡೇಟಾಶೀಟೇ ಹೇಳುತ್ತದೆ.

74ಎಚ್‌ಸಿ, 74ಎಚ್‌ಸಿಟಿ: 5 ವೋಲ್ಟ್‌ನವರಿಗೆ

ಸಿಡಿ4066ರ 125 ಓಮ್ ಎಂಬ ಸಂಖ್ಯೆ 15 ವೋಲ್ಟ್‌ನದು. ಸಪ್ಲೈ 5 ವೋಲ್ಟ್‌ಗೆ ಇಳಿಸಿದರೆ ಅದು ಸಾಮಾನ್ಯವಾಗಿ 470 ಓಮ್, ಗರಿಷ್ಠ 1050 ಓಮ್‌ವರೆಗೂ ಹೋಗಬಹುದು. 3.3 ವೋಲ್ಟ್‌ನಲ್ಲಿ ಇದನ್ನು ಬಳಸಲೇಬೇಡಿ. ಚಿಪ್ ಆನ್ ಆದಂತೆ ಕಾಣುತ್ತದೆ, ಆದರೆ ಸಿಗ್ನಲ್ ನಡುಮಟ್ಟದಲ್ಲಿದ್ದಾಗ ರೆಸಿಸ್ಟೆನ್ಸ್ ವಿಪರೀತ ಏರುತ್ತದೆ.

5 ವೋಲ್ಟ್‌ನಲ್ಲೇ ಇರುವವರು 74ಎಚ್‌ಸಿ4066 ಅಥವಾ 74ಎಚ್‌ಸಿ4051 ಕಡೆ ಹೋಗಬೇಕು. ಅಲ್ಲಿ 4.5 ವೋಲ್ಟ್‌ಗೇ ರೆಸಿಸ್ಟೆನ್ಸ್ ಸಾಮಾನ್ಯವಾಗಿ 100 ಓಮ್ ಒಳಗೆ ಬರುತ್ತದೆ. ಆದರೆ ಗರಿಷ್ಠ ಸಪ್ಲೈ ಕಡಿಮೆ. ಕೆಲವು ಕಂಪನಿಗಳ 74ಎಚ್‌ಸಿ4066 10 ವೋಲ್ಟ್‌ವರೆಗೆ ಹೋಗುತ್ತದೆ, ಕೆಲವರದು 6 ವೋಲ್ಟ್‌ಗೇ ನಿಲ್ಲುತ್ತದೆ. ಸಂಖ್ಯೆ ಒಂದೇ ಅಂತ ನಂಬಿ 9 ವೋಲ್ಟ್ ಬ್ಯಾಟರಿ ಹಾಕಬೇಡಿ. ನಿಮ್ಮ ಕೈಗೆ ಬಂದ ಚಿಪ್ ಯಾರದು ಎಂದು ನೋಡಿ, ಅವರ ಡೇಟಾಶೀಟ್ ಓದಿ.

ಇನ್ನೊಂದು ಸಣ್ಣ ಅಕ್ಷರದ ದೊಡ್ಡ ವ್ಯತ್ಯಾಸ, ಕೊನೆಯ "ಟಿ". ಇಎಸ್‌ಪಿ32, ರಾಸ್ಪ್‌ಬೆರಿ ಪೈ ಎಲ್ಲವೂ 3.3 ವೋಲ್ಟ್ ಕೊಡುತ್ತವೆ. 5 ವೋಲ್ಟ್‌ನಲ್ಲಿರುವ ಸಿಡಿ4051 ಅಥವಾ 74ಎಚ್‌ಸಿ4051 ಅದನ್ನು ಹೈ ಎಂದು ಖಾತ್ರಿಯಾಗಿ ಓದಲು 3.5 ವೋಲ್ಟ್ ಕೇಳುತ್ತದೆ. ಮೇಜಿನ ಮೇಲೆ ಕೆಲಸ ಮಾಡುತ್ತದೆ, ಬಿಸಿಲಿಗೆ ಹೋದ ದಿನ ಕೈಕೊಡುತ್ತದೆ. 74ಎಚ್‌ಸಿಟಿ4051ಗೆ 2 ವೋಲ್ಟ್ ಸಾಕು. ±5 ವೋಲ್ಟ್ ಸಿಗ್ನಲ್, 3.3 ವೋಲ್ಟ್ ಕಂಟ್ರೋಲರ್, ಇದಿಷ್ಟಕ್ಕೆ 74ಎಚ್‌ಸಿಟಿ4052 ಅಥವಾ 4053 ನನ್ನ ಮೊದಲ ಆಯ್ಕೆ. ಪ್ಲಸ್‌ನಿಂದ ಮೈನಸ್‌ಗೆ ಒಟ್ಟು 10 ವೋಲ್ಟ್ ಎಂಬುದು ಅದರ ಮಿತಿ. ಹಾಗಾಗಿ ಸಪ್ಲೈ ರೆಗ್ಯುಲೇಟರ್ ಸರಿಯಾಗಿರಲಿ.

ಸೆನ್ಸರ್ ಓದುವವರಿಗೆ

ಇಎಸ್‌ಪಿ8266ರಲ್ಲಿ ಒಂದೇ ಅನಲಾಗ್ ಇನ್‌ಪುಟ್. ಇಎಸ್‌ಪಿ32ರಲ್ಲಿ ಜಾಸ್ತಿ ಇದ್ದರೂ ವೈಫೈ ಓಡುವಾಗ ಎಡಿಸಿ2ರ ಪಿನ್‌ಗಳು ಕೆಲಸಕ್ಕೆ ಬರುವುದಿಲ್ಲ. ಹೀಗಾಗಿ ಮಣ್ಣಿನ ತೇವದ ಸೆನ್ಸರ್ ಹತ್ತಾರು ಹಾಕುವವರೆಲ್ಲ 74ಎಚ್‌ಸಿ4067 ಮಾಡ್ಯೂಲ್ ಕೊಳ್ಳುತ್ತಾರೆ. ಹದಿನಾರು ಚಾನೆಲ್, ನಾಲ್ಕು ಕಂಟ್ರೋಲ್ ಪಿನ್. ನೆಗೆಟಿವ್ ಸಪ್ಲೈ ಪಿನ್ ಇಲ್ಲ, ಆದರೆ ಸೆನ್ಸರ್‌ಗೆ ಅದು ಬೇಕಿಲ್ಲ.

ಇಲ್ಲಿ ಆನ್ ರೆಸಿಸ್ಟೆನ್ಸ್‌ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ತೊಂದರೆ ಹಿಂದಿನ ಚಾನೆಲ್‌ನ ನೆರಳು. ಸ್ವಿಚ್‌ನ ಕಾಮನ್ ಪಿನ್‌ನಲ್ಲಿ, ಎಡಿಸಿಯ ಒಳಗಿನ ಕೆಪಾಸಿಟರ್‌ನಲ್ಲಿ ಹಿಂದಿನ ವೋಲ್ಟೇಜ್ ಉಳಿದಿರುತ್ತದೆ. ಸೆನ್ಸರ್‌ನ ರೆಸಿಸ್ಟೆನ್ಸ್ 1 ಮೆಗಾ ಓಮ್, ದಾರಿಯ ಕೆಪಾಸಿಟೆನ್ಸ್ 50 ಪಿಕೋಫ್ಯಾರಡ್ ಎಂದುಕೊಳ್ಳಿ. ಟೈಮ್ ಕಾನ್‌ಸ್ಟಂಟ್ 50 ಮೈಕ್ರೋಸೆಕೆಂಡ್ ಆಯಿತು. 10 ಬಿಟ್ ನಿಖರತೆಗೆ ಅದರ ಏಳು ಪಟ್ಟು, ಅಂದರೆ 350 ಮೈಕ್ರೋಸೆಕೆಂಡ್ ಕಾಯಬೇಕು. ಚಾನೆಲ್ ಬದಲಿಸಿದ ತಕ್ಷಣ ಓದಿದರೆ ಪಕ್ಕದ ಗಿಡದ ತೇವ ಇಲ್ಲಿ ಕಾಣುತ್ತದೆ! ಚಾನೆಲ್ ಬದಲಿಸಿ, ಸ್ವಲ್ಪ ಕಾದು, ಮೊದಲ ರೀಡಿಂಗ್ ಬಿಸಾಕಿ, ಎರಡನೆಯದನ್ನು ಇಟ್ಟುಕೊಳ್ಳಿ. ಆರ್ಡುಯಿನೋ ಊನೋದ ಎಟಿಮೆಗಾ328ಪಿ ಚಿಪ್ 10 ಕಿಲೋ ಓಮ್ ಅಥವಾ ಅದಕ್ಕಿಂತ ಕಡಿಮೆಯ ಮೂಲವನ್ನು ಬಯಸುತ್ತದೆ. ಸೆನ್ಸರ್ ಅದಕ್ಕಿಂತ ಜಾಸ್ತಿ ಇದ್ದರೆ ಸ್ವಿಚ್ ನಂತರ ಒಂದು ಆಪ್‌ಆಂಪ್ ಬಫರ್ (ಹಿಂದಿನ ಮೂಲಕ್ಕೆ ಭಾರವಾಗದೆ ಸಿಗ್ನಲನ್ನು ಹಾಗೇ ದಾಟಿಸುವ ಹಂತ) ಹಾಕಿ. ಫಿಲ್ಟರ್ ಕೆಪಾಸಿಟರ್ ಬೇಕಿದ್ದರೆ ಪ್ರತಿ ಚಾನೆಲ್‌ಗೆ ಸ್ವಿಚ್‌ನ ಮೊದಲೇ ಹಾಕಿ. ಕಾಮನ್ ಪಿನ್‌ಗೆ ಹಾಕಿದರೆ ನೆರಳು ಇನ್ನೂ ಗಾಢವಾಗುತ್ತದೆ.

±15 ವೋಲ್ಟ್: ಡಿಜಿ ಮತ್ತು ಎಡಿಜಿ

ಅಳತೆಯ ಉಪಕರಣ, ಸ್ಟುಡಿಯೋ ಆಡಿಯೋ, ಕಾರ್ಖಾನೆಯ ಕಂಟ್ರೋಲ್, ಇಲ್ಲೆಲ್ಲ ಡಿಜಿ411 ಕುಟುಂಬ ದಶಕಗಳಿಂದ ನಡೆಯುತ್ತಿದೆ. ಮೂಲತಃ ಸಿಲಿಕಾನಿಕ್ಸ್‌ನ ಹೆಸರಿಡುವ ಪದ್ಧತಿ ಅದು. ಈಗ ವಿಶೇ ಮತ್ತು ಬೇರೆಯವರೂ ಮಾಡುತ್ತಾರೆ. ನಾಲ್ಕು ಸ್ವಿಚ್, ರೆಸಿಸ್ಟೆನ್ಸ್ ಸಾಮಾನ್ಯವಾಗಿ 25 ಓಮ್. ಡಿಜಿ411 ಲಾಜಿಕ್ 0ಕ್ಕೆ ಆನ್ ಆಗುತ್ತದೆ, ಡಿಜಿ412 ಲಾಜಿಕ್ 1ಕ್ಕೆ. ಡಿಜಿ413ರಲ್ಲಿ ಎರಡು ಹಾಗೆ, ಎರಡು ಹೀಗೆ. ಆರ್ಡರ್ ಮಾಡುವಾಗ ಕೊನೆಯ ಅಂಕಿ ಎರಡು ಸಲ ನೋಡಿ. ಎಂಟು ಚಾನೆಲ್ ಬೇಕಿದ್ದರೆ ಡಿಜಿ408, ನಾಲ್ಕು ಜೋಡಿಗೆ ಡಿಜಿ409. 4066ಗೆ ಹೋಲಿಸಿದರೆ ಬೆಲೆ ಹಲವು ಪಟ್ಟು.

ಬೆಲೆ ಯಾಕೆ ಜಾಸ್ತಿ ಎಂದರೆ ವೋಲ್ಟೇಜ್ ಒಂದೇ ಕಾರಣವಲ್ಲ. ಲೀಕೇಜ್, ಅಂದರೆ ಆಫ್ ಇದ್ದಾಗಲೂ ಸೋರುವ ಕರೆಂಟ್, ಕೋಣೆಯ ತಾಪದಲ್ಲಿ 0.25 ನ್ಯಾನೋ ಆಂಪಿಯರ್ ದಾಟುವುದಿಲ್ಲ ಎಂಬ ಖಾತ್ರಿ ಸಿಗುತ್ತದೆ. 1 ನ್ಯಾನೋ ಆಂಪಿಯರ್ 1 ಮೆಗಾ ಓಮ್‌ನಲ್ಲಿ ಹರಿದರೆ 1 ಮಿಲಿವೋಲ್ಟ್ ತಪ್ಪು. ತಾಪ 10 ಡಿಗ್ರಿ ಏರಿದರೆ ಲೀಕೇಜ್ ಸುಮಾರು ದುಪ್ಪಟ್ಟು. ಪಿಎಚ್ ಪ್ರೋಬ್‌ನಂಥ ಸೂಕ್ಷ್ಮ ಮೂಲಕ್ಕೆ ಇದೇ ನಿರ್ಣಾಯಕ, ಆನ್ ರೆಸಿಸ್ಟೆನ್ಸ್ ಅಲ್ಲ.

ಈಗ ಕಡಿಮೆ ಓಮ್‌ನ ಆಸೆಗೆ ಬರೋಣ. ಅನಲಾಗ್ ಡಿವೈಸಸ್‌ನ ಎಡಿಜಿ1411 ಕೇವಲ 1.5 ಓಮ್. ಅದೇ ಕಂಪನಿಯ ಎಡಿಜಿ1211 120 ಓಮ್. ಹಾಗಾದರೆ ಎಡಿಜಿ1211 ಕೀಳು ಚಿಪ್ಪಾ? ಅಲ್ಲ. ಅದರ ಆಫ್ ಕೆಪಾಸಿಟೆನ್ಸ್ ಬರೀ 1 ಪಿಕೋಫ್ಯಾರಡ್, ಚಾರ್ಜ್ ಇಂಜೆಕ್ಷನ್ 1 ಪಿಕೋಕೂಲಂಬ್ ಒಳಗೆ. ರೆಸಿಸ್ಟೆನ್ಸ್ ಇಳಿಸಲು ಟ್ರಾನ್ಸಿಸ್ಟರ್ ದೊಡ್ಡದು ಮಾಡಬೇಕು. ದೊಡ್ಡದಾದಂತೆ ಕೆಪಾಸಿಟೆನ್ಸ್, ಸ್ವಿಚ್ ಬದಲಾಗುವಾಗ ಸಿಗ್ನಲ್‌ಗೆ ಚುಚ್ಚುವ ಚಾರ್ಜ್, ಎರಡೂ ಏರುತ್ತವೆ. 5 ಪಿಕೋಕೂಲಂಬ್ ಚಾರ್ಜ್ 1 ನ್ಯಾನೋಫ್ಯಾರಡ್ ಕೆಪಾಸಿಟರ್‌ಗೆ ಬಿದ್ದರೆ 5 ಮಿಲಿವೋಲ್ಟ್ ಜಿಗಿತ. 100 ಪಿಕೋಫ್ಯಾರಡ್‌ಗಾದರೆ 50 ಮಿಲಿವೋಲ್ಟ್. ಸ್ಯಾಂಪಲ್ ಅಂಡ್ ಹೋಲ್ಡ್ ಮಾಡುವವರು 120 ಓಮ್‌ನ ಚಿಪ್ಪನ್ನೇ ಹುಡುಕಿ ಕೊಳ್ಳುವುದು ಇದಕ್ಕೇ.

ಒಂದು ಓಮ್ ನಿಜಕ್ಕೂ ಬೇಕಾದಾಗ

32 ಓಮ್ ಹೆಡ್‌ಫೋನ್ ಸ್ವಿಚ್ ಮಾಡಬೇಕಾದರೆ 4066 ಬಿಲ್‌ಕುಲ್ ಆಗುವುದಿಲ್ಲ. ಇಲ್ಲಿ ಟಿಎಸ್5ಎ3159ನಂಥ 1 ಓಮ್ ಸ್ವಿಚ್ ಸರಿ. ಎರಡರಲ್ಲಿ ಒಂದು ಆರಿಸುತ್ತದೆ, 1.65ರಿಂದ 5.5 ವೋಲ್ಟ್ ಸಪ್ಲೈ. ಆದರೆ ಸಿಗ್ನಲ್ 0ಗಿಂತ ಕೆಳಗೆ ಇಳಿಯಬಾರದು, ಅಂದರೆ ಔಟ್‌ಪುಟ್ ಕೆಪಾಸಿಟರ್‌ಗಿಂತ ಮೊದಲೇ ಸ್ವಿಚ್ ಇರಬೇಕು. ಪ್ಯಾಕೇಜ್ ಅಕ್ಕಿಕಾಳಿನಷ್ಟು, ಬ್ರೆಡ್‌ಬೋರ್ಡ್‌ಗೆ ಅಡಾಪ್ಟರ್ ಬೇಕು. 3.3 ವೋಲ್ಟ್‌ನ ಮಾಮೂಲಿ ಕೆಲಸಕ್ಕೆ 74ಎಲ್‌ವಿಸಿ1ಜಿ3157 ಅಗ್ಗವಾಗಿ ಸಿಗುತ್ತದೆ. ಯುಎಸ್‌ಬಿ ಡೇಟಾ ಲೈನ್‌ಗೆ ಇವನ್ನೆಲ್ಲ ಬಿಟ್ಟು ಟಿಎಸ್3ಯುಎಸ್‌ಬಿ221ನಂಥ, ಅದಕ್ಕೆಂದೇ ಮಾಡಿದ ಚಿಪ್ ತೆಗೆದುಕೊಳ್ಳಿ. 480 ಮೆಗಾಬಿಟ್ ವೇಗದಲ್ಲಿ ಓಮ್‌ಗಿಂತ ಕೆಪಾಸಿಟೆನ್ಸ್ ಮುಖ್ಯ. ರೇಡಿಯೋ ಸಿಗ್ನಲ್‌ಗೆ ಎಡಿಜಿ901 ಇದೆ.

ಹತ್ತಾರು ಇನ್‌ಪುಟ್‌ಗಳನ್ನು ಹತ್ತಾರು ಔಟ್‌ಪುಟ್‌ಗಳಿಗೆ ಬೇಕಾದಂತೆ ಜೋಡಿಸಬೇಕೇ? 4066 ಸಾಲುಸಾಲಾಗಿ ಪೋಣಿಸಬೇಡಿ. ಎಂಟಿ8816 ಎಂಬ ಕ್ರಾಸ್‌ಪಾಯಿಂಟ್ ಚಿಪ್‌ನಲ್ಲಿ 8×16, ಅಂದರೆ 128 ಸ್ವಿಚ್ ಇವೆ. ಎರಡೇ ತಂತಿಯಲ್ಲಿ ನಡೆಯುವ ಐ2ಸಿ ಕಂಟ್ರೋಲ್ ಬೇಕೆಂದರೆ 8×12ರ ಎಡಿಜಿ2128.

ಸ್ಪೀಕರ್, ಮೈನ್ಸ್, ಪೂರ್ತಿ ಐಸೊಲೇಷನ್ ಬೇಕಾದ ಜಾಗ, ಇವೆಲ್ಲ ರಿಲೇಯ ಕೆಲಸ. ಅಲ್ಲಿ ಸಿಮಾಸ್ ಸ್ವಿಚ್ ಹಾಕುವ ಯೋಚನೆಯೇ ಬೇಡ.

ಕ್ಲಿಕ್ ಶಬ್ದ ಮತ್ತು ಪವರ್ ಇಲ್ಲದ ಚಿಪ್

ಆಡಿಯೋದಲ್ಲಿ ಸ್ವಿಚ್ ಬದಲಾದಾಗ "ಟಪ್" ಅಂದರೆ ಜನ ಚಿಪ್ಪನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಡಿಸಿ ವೋಲ್ಟೇಜ್‌ನದು. ಸ್ವಿಚ್‌ನ ಎರಡೂ ಬದಿ ಒಂದೇ ಡಿಸಿಯಲ್ಲಿರಬೇಕು. ಎರಡೂ ಕಡೆ ಕೆಪಾಸಿಟರ್ ಹಾಕಿ, ಪ್ರತಿ ಪಿನ್‌ನಿಂದ 100 ಕಿಲೋ ಓಮ್ ರೆಸಿಸ್ಟರ್ ಗ್ರೌಂಡ್‌ಗೆ ಅಥವಾ ನಡು ವೋಲ್ಟೇಜ್‌ಗೆ ಕೊಡಿ. ಬಳಸದ ಇನ್‌ಪುಟ್‌ಗಳನ್ನೂ ತೇಲಲು ಬಿಡಬೇಡಿ.

ಎರಡನೆಯದು ಇನ್ನೂ ಗಂಭೀರ. ನಿಮ್ಮ ಉಪಕರಣದ ಪವರ್ ಆಫ್ ಇದೆ, ಆದರೆ ಹೊರಗಿಂದ ಸಿಗ್ನಲ್ ಬರುತ್ತಿದೆ. ಆ ಕರೆಂಟ್ ಚಿಪ್‌ನ ಡಯೋಡ್ ಮೂಲಕ ಸಪ್ಲೈಗೆ ನುಗ್ಗಿ ಇಡೀ ಬೋರ್ಡನ್ನು ಅರ್ಧಂಬರ್ಧ ಎಬ್ಬಿಸುತ್ತದೆ. ಕೆಲವೊಮ್ಮೆ ಚಿಪ್ ಲ್ಯಾಚಪ್ ಆಗಿ, ಅಂದರೆ ಒಳಗೇ ಶಾರ್ಟ್ ಆದಂತೆ ಸಿಲುಕಿ, ಸುಡುತ್ತದೆ. 4066ಗೆ ಈ ಕರೆಂಟ್ 10 ಮಿಲಿ ಆಂಪಿಯರ್ ದಾಟಬಾರದು. ಹೊರಗಿನ ಕನೆಕ್ಟರ್‌ನಿಂದ ಬರುವ ಪ್ರತಿ ಸಿಗ್ನಲ್‌ಗೆ 1 ಕಿಲೋ ಓಮ್ ಸೀರೀಸ್ ರೆಸಿಸ್ಟರ್ ಹಾಕಿದರೆ 10 ವೋಲ್ಟ್‌ವರೆಗೆ ಈ ಮಿತಿ ಕಾಯುತ್ತದೆ. ಕಾರ್ಖಾನೆಯಲ್ಲಿ 24 ವೋಲ್ಟ್ ತಂತಿ ತಪ್ಪಿ ಇನ್‌ಪುಟ್‌ಗೆ ತಗುಲುವ ಸಂಭವ ಇದ್ದರೆ ಎಡಿಜಿ5412ಎಫ್ ನೋಡಿ. ±55 ವೋಲ್ಟ್‌ವರೆಗೆ ತಡೆಯುತ್ತದೆ, ಪವರ್ ಇಲ್ಲದಾಗಲೂ.

ಕೊಂಡ ಚಿಪ್ಪನ್ನು ಅಳೆಯುವುದು

ಡೇಟಾಶೀಟ್ ಓದಿದ ಮೇಲೂ ಕೈಲಿರುವ ಚಿಪ್ ಒಮ್ಮೆ ಅಳೆದು ನೋಡಿ, ಕಾಲು ಗಂಟೆಯ ಕೆಲಸ. 4066 ಆದರೆ 14ನೇ ಪಿನ್‌ಗೆ ಸಪ್ಲೈ (ಇಲ್ಲಿ 5 ವೋಲ್ಟ್), 7ಕ್ಕೆ ಗ್ರೌಂಡ್, 13ನ್ನು ಸಪ್ಲೈಗೆ ಕಟ್ಟಿ. 5, 6, 12 ಗ್ರೌಂಡ್‌ಗೆ. 1ನೇ ಪಿನ್‌ಗೆ ಪೊಟೆನ್ಷಿಯೋಮೀಟರ್‌ನಿಂದ ವೋಲ್ಟೇಜ್ ಕೊಡಿ, 2ನೇ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋ ಓಮ್ ಹಾಕಿ. ಮಲ್ಟಿಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು 1 ಮತ್ತು 2ರ ನಡುವೆ ಅಳೆಯಿರಿ. ಆ ಸಂಖ್ಯೆಯನ್ನು 10 ಕಿಲೋ ಓಮ್‌ನಲ್ಲಿ ಹರಿಯುವ ಕರೆಂಟ್‌ನಿಂದ ಭಾಗಿಸಿದರೆ ಆನ್ ರೆಸಿಸ್ಟೆನ್ಸ್ ಸಿಕ್ಕಿತು. 2ನೇ ಪಿನ್‌ನಲ್ಲಿ 2.4 ವೋಲ್ಟ್ ಇದ್ದು, ಸ್ವಿಚ್‌ನಲ್ಲಿ 110 ಮಿಲಿವೋಲ್ಟ್ ಬಿದ್ದರೆ ಸುಮಾರು 460 ಓಮ್.

ಇದನ್ನೇ ಅರ್ಧ ವೋಲ್ಟ್, ಎರಡೂವರೆ ವೋಲ್ಟ್, ನಾಲ್ಕೂವರೆ ವೋಲ್ಟ್‌ನಲ್ಲಿ ಮಾಡಿ. ಮೂರೂ ಹತ್ತಿರ ಬಂದರೆ ಆ ಸಪ್ಲೈನಲ್ಲಿ ಚಿಪ್ ನಿಮ್ಮ ಕೆಲಸಕ್ಕೆ ಸಾಕು. ನಡುವಿನದು ಎದ್ದು ಕಂಡರೆ ಮೊದಲು ಸಪ್ಲೈ ಏರಿಸಿ ನೋಡಿ. ಏರಿಸಲು ಆಗದಿದ್ದರೆ ಮುಂದೆ ಬಫರ್ ಹಾಕಿ. ಅದಕ್ಕೂ ಜಾಗ ಇಲ್ಲವೆಂದರೆ ಆಗ ಚಿಪ್ ಬದಲಿಸಿ.